ತಾಊನ ಹೊಲದಲ್ಲಿ ಚಿತ್ರಪ್ರದರ್ಶನ

ನಾನು ಬದುಕಿನಲ್ಲಿ ಒಬ್ಬನೇ ಒಬ್ಬ ಗಂಡಸಿನ ಮೇಲೆ ಕೈ ಮಾಡಿದ್ದೇನೆ. ಕೈ ಮಾಡಿದೆ ಅನ್ನುವುದೂ ಪೂರ್ತಿ ಸರಿಯಲ್ಲ, ಈಸೆಲ್ ಎತ್ತಿ ಬೀಸಿದೆ. ಚಿತ್ರ ಬರೆಯುವಾಗ ಕ್ಯಾನ್ವಾಸು ನಿಲ್ಲಿಸಲು ಇಟ್ಟುಕೊಳ್ಳುವ ಮೂರು ಕಾಲಿನ ಸ್ಟ್ಯಾಂಡು ಅದು, ಗಟ್ಟಿ ಸಾಗುವಾನಿಯದು. ಅವನ ಕಿವಿಯ ಮೇಲೆ ಅದು ಬಿದ್ದಾಗ ಬಂದ ಸದ್ದನ್ನು ನೆನೆದರೆ ನನಗೆ ಇವತ್ತಿಗೂ ಸಮಾಧಾನವಾಗುತ್ತದೆ. ಈ ಮಾತು ಬಂದಾಗಲೆಲ್ಲ ನನ್ನ ಗಂಡ "ಮಕ್ಕಳ ಮುಂದೆ ಹೇಳಬೇಡ ಮಾರಾಯ್ತಿ" ಅನ್ನುತ್ತಿದ್ದರು. ಆ ಮಕ್ಕಳು ಈಗ ತಮ್ಮ ಮಕ್ಕಳ ಮುಂದೆ ನಾನಿಯ, ಅಂದರೆ ಈ ಅಜ್ಜಿಯ, ಪರಾಕ್ರಮವನ್ನು ಹಿಂದಿಯಲ್ಲಿ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಅವರು ಹೇಳುವಾಗ ಅದೊಂದು ತಮಾಷೆ. ತಮಾಷೆ ಅಲ್ಲದ ಭಾಗ ಅವರಿಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಮೆಟ್ರೊ ಇನ್ನೂ ನಮ್ಮ ಕಡೆಗೂ ಬಂದಿರಲಿಲ್ಲ, ಫರೀದಾಬಾದಿಗೂ ಹೋಗಿರಲಿಲ್ಲ. ಗಂಡ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಯಾರಾದರೂ ಗದರಿದರೆ ಫೈಲಿನ ಹಿಂದೆ ಅಡಗುವ ಸ್ವಭಾವ. ನಾನು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ನಮ್ಮದೊಂದು ಸಣ್ಣ ಗುಂಪಿತ್ತು. ಕನ್ನಡದವರೇ ಹೆಚ್ಚು, ಗುಮಾಸ್ತರು, ಆಫೀಸರುಗಳ ಹೆಂಡತಿಯರು, ಗುಡಗಾಂವಿನ ಕಂಪ್ಯೂಟರ್ ಕಂಪನಿಗಳ ನಾಲ್ಕಾರು ಹುಡುಗ ಹುಡುಗಿಯರು. ಭಾನುವಾರ ಬಣ್ಣದ ಪೆಟ್ಟಿಗೆ ಹೊತ್ತು ದೆಹಲಿಯ ಹೊರಗೆ ಹೋಗಿ ಬಯಲಿನಲ್ಲಿ ಕೂತು ನಿಸರ್ಗಚಿತ್ರ ಬರೆಯುವುದು, ಪರೋಟ ತಿನ್ನುವುದು, ಸಂಜೆ ಬಸ್ಸಿನಲ್ಲಿ ಜಗಳವಾಡಿಕೊಂಡು ವಾಪಸಾಗುವುದು, ಇಷ್ಟೇ ನಮ್ಮ ಕಾರ್ಯಕ್ರಮ.

ಗುಂಪಿನ ಯಜಮಾನಿಕೆ ಜನಕಪುರಿಯ ಅಕ್ಕನದು. ವಿಜಾಪುರದ ಕಡೆಯ ಹೆಣ್ಣುಮಗಳು. ಸರ್ಕಾರಿ ನೌಕರಿಯಿಂದ ನಿವೃತ್ತಿಯಾಗಿ ಬಣ್ಣ ಹಿಡಿದವರು. ಎತ್ತರದ ದನಿ, ಅಗಲವಾದ ಕುಂಕುಮ. ಯಾರ ಚಿತ್ರದ ಮುಂದೆ ನಿಂತರೂ "ಇಲ್ಲೊಂದು ಬಿಳಿ ಬೇಕು" ಅನ್ನುತ್ತಿದ್ದರು. ಹಸಿರಿನ ನಡುವೆ ಒಂದು ಬಿಳಿ ಬಿದ್ದರೆ ಕಣ್ಣು ನಿಲ್ಲುತ್ತದೆ ಎನ್ನುವುದು ಅವರ ಸಿದ್ಧಾಂತ. ಹಾಗಾಗಿ ನಮ್ಮೆಲ್ಲರ ಚಿತ್ರದಲ್ಲೂ ಎಲ್ಲಿಂದಲೋ ಒಂದು ಕೊಕ್ಕರೆ ಬಂದು ಕೂರುತ್ತಿತ್ತು. ನನಗೂ ಅವರಿಗೂ ಪ್ರತಿ ಸಲ ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೂ ಅವರಿಲ್ಲದ ಭಾನುವಾರ ಬೇಜಾರು ಹಿಡಿಸುತ್ತಿತ್ತು ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಫರೀದಾಬಾದಿನ ಕಾರ್ಖಾನೆಗಳ ಸಾಲು ಮುಗಿದು, ಸೆಕ್ಟರುಗಳೂ ಮುಗಿದು, ಯಮುನೆಯ ಕಡೆಗೆ ಹೊಲಗಳು ಶುರುವಾಗುವಲ್ಲಿ ಒಂದು ಹಳ್ಳಿ. ಅಲ್ಲಿ ನಮಗೆ ತಾಊ ಸಿಕ್ಕಿದ್ದು. ದೊಡ್ಡಪ್ಪನಿಗೆ ಆ ಕಡೆ ಹಾಗೆನ್ನುತ್ತಾರೆ, ಊರಿಗೆಲ್ಲ ಆತ ದೊಡ್ಡಪ್ಪ. ಅರವತ್ತು ದಾಟಿದ ಆಳು, ಬಾಗಿಲಿನಷ್ಟು ಎತ್ತರ, ಬಿಳಿ ಮೀಸೆ, ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ದಿನ ನಾವು ಆತನ ಹೊಲದ ಬದುವಿನಲ್ಲಿ ಈಸೆಲ್ ನೆಟ್ಟಾಗ ಲಾಠಿ ಹಿಡಿದು ಓಡಿ ಬಂದಿದ್ದ. ಎಲ್ಲರೂ ಬಣ್ಣ ಬಿಟ್ಟು ಓಡಿದರು, ನನ್ನ ಗಂಡ ಎಲ್ಲರಿಗಿಂತ ಮುಂದೆ. ನಾನು ಓಡಲಿಲ್ಲ. ಬ್ರಷ್ಷು ಅವನ ಮುಖಕ್ಕೆ ತೋರಿಸಿ, "ಹೊಡಿ ನೋಡೋಣ, ಹೆಂಗಸಿನ ಮೇಲೆ ಕೈ ಎತ್ತೋ ದೊಡ್ಡ ಮನುಷ್ಯ!" ಎಂದು ನನ್ನ ಕೆಟ್ಟ ಹಿಂದಿಯಲ್ಲಿ ಕಿರುಚಿದೆ. ಅವನು ಲಾಠಿ ಇಳಿಸಿದ. ಕ್ಯಾನ್ವಾಸು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಅರೆ, ಇವರು ಅಳೆಯುವವರಲ್ಲ, ಬರೆಯುವವರು!" ಅಂದ. ಆವತ್ತೇ ಮನೆಗೆ ಕರೆದು ಹಿತ್ತಾಳೆ ಲೋಟದ ತುಂಬ ಮಜ್ಜಿಗೆ ಕುಡಿಸಿದ. ಸಿಟ್ಟಿನವರಿಗೆ ಸಿಟ್ಟಿನವರನ್ನು ಕಂಡರೆ ಒಂದು ಥರದ ಪ್ರೀತಿ. ಅವನ ಹೆಂಡತಿಯನ್ನು ಊರೆಲ್ಲ ತಾಈ ಅನ್ನುತ್ತಿತ್ತು, ದೊಡ್ಡಮ್ಮ ಅಂತ. ನಾವೂ ಹಾಗೇ ಕರೆದೆವು.

ಅಳೆಯುವವರು ಅಂದನಲ್ಲ, ಆ ಕಥೆಯನ್ನು ಅವನೇ ಹಗ್ಗದ ಮಂಚದ ಮೇಲೆ ಕೂತು ಮೀಸೆ ತಿರುವುತ್ತ ಹೇಳಿದ್ದ. ಬಿಲ್ಡರುಗಳ ಜನ ಆ ಭಾಗದ ಹಳ್ಳಿಗಳನ್ನು ಒಂದೊಂದಾಗಿ ಮುಗಿಸುತ್ತ ಬರುತ್ತಿದ್ದರು. ಅವರ ಪದ್ಧತಿ ಹೀಗೆ. ಮೊದಲು ಊರಿನಲ್ಲಿ ಒಬ್ಬನನ್ನು ಗುಟ್ಟಾಗಿ ಒಲಿಸಿಕೊಂಡು ಅವನ ಹೊಲ ಬರೆಸಿಕೊಳ್ಳುವುದು. ಆಮೇಲೆ ಒಂದು ಬೆಳಿಗ್ಗೆ ಮಂಜಿನಲ್ಲಿ ಕಾರಿನಲ್ಲಿ ಬಂದು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಅಳೆಯುವುದು, ಮೂಲೆಗಳಿಗೆ ಸುಣ್ಣ ಬಳಿದ ಕಲ್ಲು ಇಡುವುದು, ತೆಂಗಿನಕಾಯಿ ಒಡೆದು ಲಡ್ಡು ಹಂಚುವುದು. ಮರುದಿನ ಜೆಸಿಬಿ. ಒಂದು ಹೊಲ ಹೋದರೆ ಅಕ್ಕಪಕ್ಕದ ಹೊಲಕ್ಕೆ ನೀರಿನ ದಾರಿ ಕಡಿದುಹೋಗುತ್ತಿತ್ತು, ಅವರೂ ಮಾರಲೇಬೇಕಾಗುತ್ತಿತ್ತು. ಪಕ್ಕದ ಊರಿನಲ್ಲಿ ತೆನೆ ಬಿಟ್ಟು ನಿಂತಿದ್ದ ಗೋಧಿಯ ಮೇಲೆ ಜೆಸಿಬಿ ಓಡಿದ್ದನ್ನು ಇವರೆಲ್ಲ ಕಣ್ಣಾರೆ ನೋಡಿದ್ದರು. ತಡೆಯಲು ಹೋದವರಿಗೆ ಪೊಲೀಸರು ಮೂಳೆ ಮುರಿಯುವ ಹಾಗೆ ಬಾರಿಸಿದ್ದರು.

ಹಾಗಾಗಿ ಈ ಊರಿನ ಪಂಚಾಯತಿಯಲ್ಲಿ ಆಣೆಯಾಗಿತ್ತು. ಯಾರೂ ಮಾರುವುದಿಲ್ಲ. ಮೊದಲು ಮಾರಿದವನಿಗೆ ಹುಕ್ಕಾ ಪಾನಿ ಬಂದ್. ಅಂದರೆ ಅವನ ಮನೆಯ ಹುಕ್ಕಾ ಯಾರೂ ಸೇದುವುದಿಲ್ಲ, ನೀರು ಯಾರೂ ಮುಟ್ಟುವುದಿಲ್ಲ, ಹೆಣ ಬಿದ್ದರೆ ಹೆಗಲು ಕೊಡುವುದಿಲ್ಲ. ಆಣೆ ಹಾಕಿಸಿದವನು ತಾಊ. ಆ ಸಭೆಯಲ್ಲಿ ಅವನ ಸ್ವಂತ ತಮ್ಮ ಎದ್ದು, "ನನ್ನ ಪಾಲಿನದನ್ನು ನಾನು ಮಾರಿಕೊಂಡರೆ ನಿಮಗೇನು ಕಷ್ಟ?" ಎಂದು ಕೇಳಿದನಂತೆ. ತಾಊ ಊರೆದುರೇ ತಮ್ಮನ ಕೆನ್ನೆಗೆ ಬಾರಿಸಿ, ಅವನ ಪಗಡಿ ಕಿತ್ತು, ಪಂಚರ ಕಾಲ ಬಳಿ ಎಸೆದ. ನಲವತ್ತೈದರ ಗಂಡಸು, ಮೀಸೆ ಬಂದ ಮಕ್ಕಳ ಅಪ್ಪ, ಬರಿದಲೆಯಲ್ಲಿ ಕೂತು ಆಣೆ ಮಾಡಿದ. ಇದನ್ನು ಹೇಳಿ ತಾಊ ನಕ್ಕ. ತಾಈ ನಗಲಿಲ್ಲ. ಕೊಟ್ಟಿಗೆಯ ಹತ್ತಿರ ನಿಂತಿದ್ದ ತಮ್ಮನೂ ನಗಲಿಲ್ಲ. ಒಂದೇ ಅಂಗಳದಲ್ಲಿ ಎರಡು ಮನೆ. ನಾವು ಮಜ್ಜಿಗೆ ಕುಡಿಯುವಷ್ಟು ಹೊತ್ತೂ ಅವನು ಎಮ್ಮೆಗೆ ಮೇವು ಕತ್ತರಿಸುತ್ತಿದ್ದ, ಆ ಕತ್ತಿಯ ಸದ್ದು ನನಗೆ ಹಿಡಿಸಲಿಲ್ಲ.

ಆ ಚಳಿಗಾಲದ ಹೊತ್ತಿಗೆ ನಮ್ಮ ಗುಂಪಿನ ಹತ್ತಿರ ಆ ಹೊಲಗಳ ಚಿತ್ರಗಳೇ ರಾಶಿ ಬಿದ್ದಿದ್ದವು. ಪ್ರದರ್ಶನ ಮಾಡೋಣ, ಬಂದ ಹಣವನ್ನು ಆ ಊರಿನವರು ಬಿಲ್ಡರುಗಳ ಮೇಲೆ ಹಾಕಬೇಕೆಂದಿದ್ದ ಕೇಸಿನ ಕೋರ್ಟು ಖರ್ಚಿಗೆ ಕೊಡೋಣ, ಪತ್ರಿಕೆಯವರನ್ನು ಕರೆಯೋಣ ಎಂದು ಮಾತಾಯಿತು. ನಾನು ದೆಹಲಿಯ ಗ್ಯಾಲರಿಗಳಿರುವ ಮಂಡಿ ಹೌಸಿನ ಕಡೆ ಯಾವುದಾದರೂ ಹಾಲ್ ನೋಡೋಣ ಅಂದೆ. ಅಕ್ಕ ಕೇಳಲಿಲ್ಲ.

"ಹಾಲ್‌ನಲ್ಲಿ ಎಸಿ ಹಾಕ್ಕೊಂಡು ಹೊಲ ಉಳಿಸ್ತೀರಾ? ಹೊಲದಲ್ಲೇ ಮಾಡೋಣ. ಬಿದಿರು ನೆಟ್ಟು ಹಗ್ಗ ಕಟ್ಟಿ ಚಿತ್ರ ತೂಗುಹಾಕೋಣ. ದೆಹಲಿಯವರು ಕಾಲಿಗೆ ಮಣ್ಣು ಮಾಡ್ಕೊಂಡು ಬಂದು ನೋಡಲಿ."

ಇದು ಎಲ್ಲರಿಗೂ ಇಷ್ಟವಾಯಿತು, ನನಗೂ. ಅಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ಗೊತ್ತುಮಾಡಿದ ಭಾನುವಾರ ಎಳ್ಳ ಅಮಾವಾಸ್ಯೆಯ ಜೊತೆಗೇ ಬಿದ್ದಿತ್ತು. ಅವರ ಸೀಮೆಯಲ್ಲಿ ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಕಾಯಿ ಒಡೆದು, ಹೊಲದ ಸುತ್ತ ನಡೆದು ಭೂಮಿತಾಯಿಗೆ ಅಡುಗೆ ಎರಚುತ್ತಾರೆ. ಚರಗ ಚೆಲ್ಲುವುದು ಅಂತ. ಮೈಸೂರಿನ ಕಡೆಯವಳಾದ ನಾನು ಅದನ್ನು ಕೇಳಿದ್ದೆ, ನೋಡಿರಲಿಲ್ಲ.

"ಮೂವತ್ತು ವರ್ಷ ಆಯ್ತು ಚರಗ ಚೆಲ್ಲಿ. ಜನಕಪುರಿ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೆ ಒಂದು ತುತ್ತು ಹಾಕ್ತೀನಿ, ಪಾರಿವಾಳ ತಿಂತಾವೆ," ಅಂದರು ಅಕ್ಕ. ದನಿ ಸ್ವಲ್ಪ ಒಡೆಯಿತು. "ಒಂದ್ಸಲ ನಿಜವಾದ ಹೊಲದಲ್ಲಿ ಮಾಡ್ಬೇಕು. ಹೊಲ ಉಳಿಸೋಕೆ ಇದಕ್ಕಿಂತ ಒಳ್ಳೆ ಉದ್ಘಾಟನೆ ಯಾವುದಿದೆ?"

ಯಾರು ಬೇಡವೆನ್ನುತ್ತಾರೆ? ತಾಊಗೆ "ನಮ್ಮ ಸೀಮೆಯ ಪೂಜೆ, ಮಣ್ಣಿಗೆ ಮಾಡೋದು" ಎಂದು ಹೇಳಿದೆವು. "ಮಣ್ಣಿಗೆ ತಾನೆ? ಮಾಡಿ ಮಾಡಿ," ಅಂದ. ತಾಈ ಸೀರೆಯ ಸೆರಗು ಕಣ್ಣಿಗೊತ್ತಿಕೊಂಡು ಖುಷಿಪಟ್ಟಳು. ಊರಿನ ಬೇರೆಯವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ತಾಊಗೂ ಹೊಳೆಯಲಿಲ್ಲ. ತನ್ನ ಹೊಲದಲ್ಲಿ ತಾನು ಏನು ಮಾಡಿದರೂ ಊರು ತನ್ನನ್ನು ಪ್ರಶ್ನಿಸುತ್ತದೆಂದು ಆ ಮನುಷ್ಯ ಕನಸಿನಲ್ಲೂ ಎಣಿಸಿರಲಿಲ್ಲ.

ಆ ಭಾನುವಾರ ಎದುರಿನ ಮನುಷ್ಯ ಕಾಣದಷ್ಟು ಮಂಜು. ನಾವು ಎರಡು ವ್ಯಾನುಗಳಲ್ಲಿ ಬೆಳಕು ಹರಿಯುವ ಹೊತ್ತಿಗೇ ಹೋದೆವು. ಹಿಂದಿನಿಂದ ನನ್ನ ಗಂಡನ ಮೇಲಧಿಕಾರಿ, ಅವರೇ ಉದ್ಘಾಟಕರು, ಬಿಳಿ ಅಂಬಾಸಿಡರಿನಲ್ಲಿ ಬಂದರು. ಗೋಧಿ ಗೇಣುದ್ದ ಬೆಳೆದಿತ್ತು, ಬದುವಿನುದ್ದಕ್ಕೆ ಸಾಸಿವೆ ಹಳದಿ ಹೂ ಬಿಟ್ಟಿತ್ತು. ಹೊಲದ ಒಂದು ಬದಿಗೆ, ರಸ್ತೆಗೆ ಹತ್ತಿರವಾಗಿ, ಬಿದಿರು ನೆಟ್ಟು ಚಿತ್ರ ತೂಗುಹಾಕಿದೆವು. ಬಂದವರ ಮುಂದೆ ಅಲ್ಲೇ ಬರೆದು ತೋರಿಸಲೆಂದು ಬದುವಿನ ಮೇಲೆ ಈಸೆಲ್‌ಗಳನ್ನು ಸಾಲಾಗಿ ನಿಲ್ಲಿಸಿದೆವು.

ಅಕ್ಕ ಸುಣ್ಣದ ಬಕೆಟು ತಂದಿದ್ದರು. ಐದು ಕಲ್ಲನ್ನು ಒಂದೇ ಕಡೆ ಕೂರಿಸುವುದು ಅವರ ಸೀಮೆಯ ಪದ್ಧತಿ. ಆದರೆ ಆವತ್ತು ಅವರೊಳಗಿನ ಪೇಂಟರು ಎದ್ದು ಕೂತಿದ್ದಳು. "ಒಂದೇ ಕಡೆ ಇಟ್ಟರೆ ಹಸಿರಲ್ಲಿ ಮುಳುಗಿಹೋಗ್ತವೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಧರ್ಮರಾಯ. ಮಂಜು ಕರಗಿದಾಗ ನೋಡಿ ಹ್ಯಾಗೆ ಎದ್ದು ಕಾಣ್ತದೆ," ಎಂದು ಗುಂಪಿನ ಹುಡುಗರಿಂದ ತಲೆಗಾತ್ರದ ಕಲ್ಲುಗಳನ್ನು ಹೊರಿಸಿ, ದಪ್ಪಗೆ ಸುಣ್ಣ ಬಳಿಸಿದರು. ಚೆನ್ನಾಗಿ ಕಾಣುತ್ತದೆ ಎಂದು ನನಗೂ ಅನಿಸಿತು. ನಮಗೆಲ್ಲ ನಿಸರ್ಗಚಿತ್ರದ ಹುಚ್ಚು ನೆತ್ತಿಗೇರಿತ್ತು. ಮಂಚದ ಮೇಲೆ ಕೂತು ತಾಊ ಹೇಳಿದ್ದನ್ನು ಕಿವಿ ತುಂಬ ಕೇಳಿದವರು ನಾವು, ಅದನ್ನೇ ಚಾಚೂ ತಪ್ಪದೆ ಮಾಡಿ ಇಟ್ಟಿದ್ದೆವು. ಮಂಜು, ಕಾರು, ಮೂರು ಕಾಲಿನ ಸ್ಟ್ಯಾಂಡು, ಮೂಲೆಗೆ ಸುಣ್ಣದ ಕಲ್ಲು. ಇನ್ನು ತೆಂಗಿನಕಾಯಿಯೊಂದು ಬಾಕಿ ಇತ್ತು. ಮೇಲಧಿಕಾರಿಗಳು ಅದನ್ನೂ ಒಡೆದರು.

ಆಮೇಲೆ ಅಕ್ಕ ಸಜ್ಜೆ ಕಡಬು, ಪಲ್ಯ, ಅನ್ನ ಕಲಸಿದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬದುವಿನ ಮೇಲೆ ಹೊರಟರು. ಹಿಂದೆ ನೀರು ಚಿಮುಕಿಸುತ್ತ ತಾಈ. ಅವರ ಹಿಂದೆ ಮೀಸೆ ತಿರುವುತ್ತ ತಾಊ, ಅವನ ಹಿಂದೆ ನಾವು. "ಹುಲ್ಲುಲ್ಲಿಗೋ!" ಎಂದು ಅಕ್ಕ ಚರಗದ ಕೂಗು ಕೂಗುವುದು, "ಚಲ್ಲಾಂಬರಿಗೋ!" ಎಂದು ನಾವು ಕೂಗುವುದು. ಹೊಲ ಪೂರ್ತಿ ಒಂದು ಸುತ್ತು. ಅಕ್ಕ ಅಳುತ್ತಿದ್ದರು, ಅಳುತ್ತಲೇ ಕೂಗುತ್ತಿದ್ದರು. ತಾಊ ಕೂಡ ಕೊನೆಗೆ ನಮ್ಮ ಜೊತೆ ಕೂಗಿದ. ಅವನ ಬಾಯಲ್ಲಿ ಅದು ಯುದ್ಧದ ಕೂಗಿನ ಹಾಗೆ ಬಂತು. ನನ್ನ ಬದುಕಿನ ಒಳ್ಳೆಯ ಬೆಳಗುಗಳಲ್ಲಿ ಅದೂ ಒಂದು ಎಂದು ಹೇಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಹೌದು.

ಮಂಜು ತೆಳುವಾದಾಗ ರಸ್ತೆಯಲ್ಲಿ ಜನ ನಿಂತಿದ್ದರು. ಪ್ರದರ್ಶನ ನೋಡಲು ಬಂದವರೆಂದು ಗುಂಪಿನ ಹುಡುಗಿಯೊಬ್ಬಳು ಶೇಂಗಾ ಲಡ್ಡಿನ ಡಬ್ಬಿ ಹಿಡಿದು ನಗುತ್ತ ಅವರ ಹತ್ತಿರ ಹೋದಳು. ಮುಂದೆ ನಿಂತಿದ್ದವನು ಡಬ್ಬಿಯನ್ನು ಕೈಯಿಂದ ಹೊಡೆದು ಹಾರಿಸಿದ. ಅವನು ತಾಊನ ತಮ್ಮ. ಅವನ ಹಿಂದೆ ಇಪ್ಪತ್ತು ಮೂವತ್ತು ಜನ, ಎಲ್ಲರ ಕೈಯಲ್ಲೂ ಲಾಠಿ.

"ಬೇಚ್ ದೀ?" ಎಂದು ತಮ್ಮ ಚೀರಿದ. ಮಾರಿಬಿಟ್ಟೆಯಾ ಅಂತ. "ನನ್ನ ಪಗಡಿ ಕಿತ್ತು ಆಣೆ ಹಾಕಿಸಿ, ನೀನು ಮಾರಿಬಿಟ್ಟೆಯಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ತಾಊ ಅದನ್ನು ಹೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಅವನ ಮುಖ ನೋಡಿದೆ. ಮೊದಲು ಅರ್ಥವಾಗಲಿಲ್ಲ ಅವನಿಗೆ. ಅರ್ಥವಾದ ಮೇಲೆ ಕತ್ತಿನ ನರ ಉಬ್ಬಿತು.

"ಯಾರನ್ನು ಕೇಳ್ತಿದ್ದೀಯ?" ಅಂದ. "ನನ್ನನ್ನ? ಈ ಮಾತನ್ನ ನನ್ನನ್ನ ಕೇಳ್ತೀಯ?"

"ಹೇಳು! ಮಾರಿದೆಯಾ ಇಲ್ಲವಾ?" ಎಂದು ಹಿಂದಿನವರೂ ಕೂಗಿದರು. ತಾಊನ ಜೊತೆ ಹುಕ್ಕಾ ಸೇದಿದವರು, ಅವನ ಹಿಂದೆ ನಿಂತು ಆಣೆ ಮಾಡಿದವರು.

"ಹೇಳಲ್ಲ," ಅಂದ ತಾಊ. "ನಿಮಗೆ ನಾನು ಜವಾಬು ಕೊಡಬೇಕಾ? ಥೂ!" ಎಂದು ತಮ್ಮನ ಮುಖಕ್ಕೆ ಉಗುಳಿದ.

ಮೊದಲ ಲಾಠಿ ತಮ್ಮನದೇ. ತಾಊ ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈ ಮುಷ್ಟಿಯಿಂದ ತಮ್ಮನ ಬಾಯಿಗೆ ಗುದ್ದಿದ. ಹಲ್ಲು ಮುರಿದು ರಕ್ತ ಬಂತು. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಅಕ್ಕ ಬುಟ್ಟಿ ಹಿಡಿದುಕೊಂಡೇ ನಡುವೆ ನುಗ್ಗಿ, "ಭಯ್ಯಾ, ಪೂಜಾ ಹೈ, ಪೂಜಾ! ಪೇಂಟಿಂಗ್! ಬಿಲ್ಡರ್ ನಹೀ!" ಎಂದು ಅರಚಿದರು. ಪೂಜೆ ಎನ್ನುವುದನ್ನು ಕೇಳಿ ಅವರ ಸಿಟ್ಟು ಇನ್ನೂ ಏರಿತು. ಬಿಲ್ಡರೂ ಪೂಜೆ ಮಾಡದೆ ಜೆಸಿಬಿ ತರುತ್ತಿರಲಿಲ್ಲ. ಯಾರೋ ಅಕ್ಕನನ್ನು ತಳ್ಳಿದರು, ಅವರು ಗೋಧಿಯಲ್ಲಿ ಮಕಾಡೆ ಬಿದ್ದರು. ಮೇಲಧಿಕಾರಿಗಳ ಅಂಬಾಸಿಡರು ರಿವರ್ಸಿನಲ್ಲೇ ಮಂಜಿನೊಳಗೆ ಮಾಯವಾಯಿತು. ಅದರ ಹಿಂದೆ ಯಾರೋ ಬೀಸಿದ ಕಲ್ಲುಗಳು ಹೋದವು. ಈಸೆಲ್‌ಗಳನ್ನು ಒಂದೊಂದಾಗಿ ಎತ್ತಿ ಬದುವಿಗೆ ಅಪ್ಪಳಿಸಿ ಮುರಿದರು. ಬಿದಿರು ಕಿತ್ತರು. ನಾವು ವರ್ಷವೆಲ್ಲ ಕೂತು ಬರೆದ ಅವರದೇ ಹೊಲಗಳು, ಅವರದೇ ಬಾವಿ, ಅವರದೇ ಎಮ್ಮೆಗಳು, ಎಲ್ಲವನ್ನೂ ಲಾಠಿಯಿಂದ ತಿವಿದು ಹರಿದರು. ಒಬ್ಬ ಮುದುಕ ಒಂದು ಕ್ಯಾನ್ವಾಸನ್ನು ಕಾಲಲ್ಲಿ ತುಳಿಯುತ್ತ ಥಟ್ಟನೆ ನಿಂತು, ಬಗ್ಗಿ ನೋಡಿದ. ತನ್ನ ಮನೆಯನ್ನು ಗುರುತು ಹಿಡಿದಿರಬೇಕು. ಆಮೇಲೆ ಮತ್ತೆ ತುಳಿದ.

ತಾಊ ಕೆಳಗೆ ಬಿದ್ದಿದ್ದ. ಆದರೂ ಕೈ ಬೀಸುತ್ತಿದ್ದ. ಒಬ್ಬ ಅವನ ಬಲ ಮೊಣಕೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ, ಇನ್ನೊಬ್ಬ ಅದರ ಮೇಲೆ ಲಾಠಿ ಇಳಿಸುತ್ತಿದ್ದ. ಭತ್ತ ಬಡಿಯುವ ಹಾಗೆ, ಲೆಕ್ಕವಿಲ್ಲದೆ, ಮುಖ ಕೂಡ ನೋಡದೆ. ತಾಈ ಗಂಡನ ಮೇಲೆ ಬಿದ್ದು ಮುಚ್ಚಿಕೊಳ್ಳಲು ಹೋದಳು, ಅವಳ ಬೆನ್ನಿಗೂ ಬಿತ್ತು. ಆಗ ನನ್ನ ತಲೆ ಕೆಟ್ಟಿತು. ಮುರಿಯದೆ ಉಳಿದಿದ್ದ ನನ್ನ ಈಸೆಲನ್ನು ಎರಡೂ ಕೈಯಲ್ಲಿ ಎತ್ತಿ ಆ ಲಾಠಿಯವನ ಕಿವಿಯ ಮೇಲೆ ಬೀಸಿದೆ. ಅವನು ಕುಸಿದು ಕೂತ. ಎರಡನೆಯ ಸಲ ಎತ್ತಿದ್ದೆ, ನನ್ನ ಗಂಡ ಹಿಂದಿನಿಂದ ಬಂದು ಸೊಂಟಕ್ಕೆ ತೆಕ್ಕೆ ಹಾಕಿ ಎಳೆದುಕೊಂಡರು. ಈ ಸಲ ಅವರು ಓಡಿರಲಿಲ್ಲ, ಅದನ್ನು ಬರೆಯದಿದ್ದರೆ ಅನ್ಯಾಯವಾದೀತು. ಅವರ ಹಣೆಯಿಂದ ರಕ್ತ ಸುರಿಯುತ್ತಿತ್ತು, ಕನ್ನಡಕ ಇರಲಿಲ್ಲ. "ಬೇಡ ಕಣೇ, ಬೇಡ, ನಿನ್ನ ಕೊಲ್ತಾರೆ," ಎನ್ನುತ್ತಿದ್ದರು. ನಾನು ಅವರ ಕೈ ಕಚ್ಚಿದೆ. ಬಿಡಲಿಲ್ಲ.

ಹೊಡೆತ ನಿಂತಿದ್ದು ತಾಈಯಿಂದ. ಅವಳು ಎದ್ದು, ಸೆರಗು ಜಾರಿ ಬಿಳಿ ಕೂದಲು ಕೆದರಿ, ನಡುವಿನ ಸುಣ್ಣದ ಕಲ್ಲನ್ನು ಎತ್ತಿ ತನ್ನ ಎದೆಗೆ ಕುಟ್ಟಿಕೊಳ್ಳತೊಡಗಿದಳು. "ಮಾರಿಲ್ಲ! ನನ್ನ ಮಗನ ಮೇಲಾಣೆ ಮಾರಿಲ್ಲ! ಇವರು ಮಣ್ಣಿಗೆ ಊಟ ಹಾಕೋಕೆ ಬಂದವರು, ಮಣ್ಣಿಗೆ!" ಎಂದು ಕೂಗಿದಳು. ಅವರ ಒಬ್ಬನೇ ಮಗ ಸೈನ್ಯದಲ್ಲಿ ತೀರಿಕೊಂಡಿದ್ದ. ಸತ್ತ ಮಗನ ಮೇಲೆ ತಾಯಿ ಸುಳ್ಳಾಣೆ ಇಡುವುದಿಲ್ಲ. ಲಾಠಿಗಳು ಒಂದೊಂದಾಗಿ ಇಳಿದವು. ಯಾರೋ ಗೋಧಿಯ ಸಾಲಿನಿಂದ ಅರ್ಧ ಕಡಬು ಎತ್ತಿ, ಮೂಸಿ ನೋಡಿ, ಪಕ್ಕದವನಿಗೆ ತೋರಿಸಿದ. ತಾಊನ ತಮ್ಮ ಬಾಯಿಂದ ರಕ್ತ ಒರೆಸಿಕೊಳ್ಳುತ್ತ ಅಣ್ಣನನ್ನೇ ನೋಡುತ್ತಿದ್ದ. "ಒಂದು ಸಲ ಇಲ್ಲ ಅಂದಿದ್ದರೆ..." ಅಂದ. ತಾಊ ನೆಲದಿಂದಲೇ ಅವನಿಗೆ ತಾಯಿ ಅಕ್ಕ ಸೇರಿಸಿ ಬೈದ.

ಫರೀದಾಬಾದಿನ ಆಸ್ಪತ್ರೆಯಲ್ಲಿ ಮೊಣಕೈ ಮೂಳೆ ಪುಡಿಯಾಗಿದೆ, ಇನ್ನು ಆ ಕೈ ಮಡಚುವುದಿಲ್ಲ ಅಂದರು. ಎಡಗಣ್ಣು ಊದಿ ಮುಚ್ಚಿದ್ದು ಕಡೆಗೆ ತೆರೆಯಿತು, ಪೂರ್ತಿ ಕಾಣಿಸಲಿಲ್ಲ. ಪೊಲೀಸರು ಕೇಳಿದಾಗ ತಾಊ, ಟ್ರ್ಯಾಕ್ಟರಿನಿಂದ ಬಿದ್ದೆ ಅಂದ. ನಾನು ಎದುರು ನಿಂತು ನಿಜ ಹೇಳಲು ಬಾಯಿ ತೆಗೆದರೆ, ಒಂದೇ ಕಣ್ಣಿನಲ್ಲಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ಸುಮ್ಮನಾದೆ. ಊರಿನವರು ಹಾಲು, ತುಪ್ಪ ಹಿಡಿದು ಸಾಲಾಗಿ ಬಂದರು. ಅವರು ತಂದದ್ದನ್ನೆಲ್ಲ ಅವನು ಪಕ್ಕದ ಹಾಸಿಗೆಯವರಿಗೆ ಕೊಡಿಸಿದ.

ದೆಹಲಿಯಲ್ಲಿ ನಮ್ಮ ಗುಂಪಿನೊಳಗೂ ಒಂದು ಲಾಠಿ ಚಾರ್ಜು ಆಯಿತು. ಬಾಯಲ್ಲಿ. ಜನಕಪುರಿಯ ಮನೆಯಲ್ಲಿ ಎಲ್ಲರೂ ಸೇರಿದಾಗ ನಾನು ಅಕ್ಕನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. "ನಿಮಗೆ ಬಿಳಿ ಬೇಕಿತ್ತು ಅಲ್ವಾ? ಬಿಳಿ ಬಿತ್ತು, ಕಣ್ಣು ನಿಲ್ತು, ಸಂತೋಷ ಆಯ್ತಾ?" ಎಂದೆ. ಗೋಧಿಯಲ್ಲಿ ಬಿದ್ದಾಗ ತರಚಿದ ಅಕ್ಕನ ಗದ್ದ ಇನ್ನೂ ಹಸಿಯಾಗಿತ್ತು. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗುಂಪು ಅಲ್ಲಿಗೆ ಒಡೆಯಿತು. ನಾನು ಹೇಳಿದ್ದರಲ್ಲಿ ತಪ್ಪಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಆದರೆ ಆ ಮೂವತ್ತು ವರ್ಷದ ಆಸೆ ಕೂಡ ಸುಳ್ಳಾಗಿರಲಿಲ್ಲ. ಎರಡೂ ನಿಜವಾದರೆ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ.

ಹೋಳಿ ಕಳೆದ ಮೇಲೆ ನಾವಿಬ್ಬರೇ, ಗಂಡ ಹೆಂಡತಿ, ಮತ್ತೆ ಆ ಊರಿಗೆ ಹೋದೆವು. ಗೋಧಿ ಬಂಗಾರವಾಗಿ ನಿಂತಿತ್ತು. ಅಂಗಳಕ್ಕೆ ಕಾಲಿಟ್ಟರೆ ಅಲ್ಲಿ ತಾಊನ ತಮ್ಮ, ತನ್ನ ಪಗಡಿಯನ್ನು ತಾನೇ ಬಿಚ್ಚಿ ಅಣ್ಣನ ಕಾಲ ಮೇಲಿಟ್ಟು, ಹಣೆ ನೆಲಕ್ಕೆ ಹಚ್ಚಿ ಕೂತಿದ್ದ. ಹಿಂದೆ ಊರಿನ ಪಂಚರು ನಿಂತಿದ್ದರು. ಕ್ಷಮೆ ಕೇಳಲು ಬಂದಿರಬೇಕೆಂದುಕೊಂಡೆ. ಕ್ಷಮೆಯ ಕಾಲ ಮುಗಿದುಹೋಗಿತ್ತು. ಅವರು ಬಂದದ್ದು ಬೇರೇನೋ ಬೇಡಿಕೊಳ್ಳಲು.

ತಾಊ ಹೊಲ ಮಾರಿದ್ದ. ಹಿಂದಿನ ದಿನ ತಹಸೀಲಿಗೆ ಹೋಗಿ, ಎಡಗೈ ಹೆಬ್ಬೆಟ್ಟು ಒತ್ತಿ, ಬಿಲ್ಡರಿಗೆ ಬರೆದುಕೊಟ್ಟು ಬಂದಿದ್ದ.

"ಭಾಈ, ವಾಪಸ್ ತಗೋ," ಎಂದು ತಮ್ಮ ಅಳುತ್ತಿದ್ದ. "ನಿನ್ನ ಹೊಲ ಹೋದರೆ ಎಲ್ಲರ ನೀರಿನ ದಾರಿ ಹೋಯಿತು. ಊರೇ ಹೋಯಿತು. ನನ್ನ ಕೈ ಕಡಿ, ತಲೆ ಕಡಿ, ಆದರೆ ಇದೊಂದು ವಾಪಸ್ ತಗೋ."

ತಾಊ ಹುಕ್ಕಾ ಸೇದುತ್ತ ಕೂತಿದ್ದ. ಬಲಗೈ ಮೊಳೆ ಹೊಡೆದ ಹಲಗೆಯ ಹಾಗೆ ನೆಟ್ಟಗೆ ಮಂಚದ ಮೇಲೆ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ. ನನ್ನ ಊರಲ್ಲ, ನನ್ನ ಹೊಲವಲ್ಲ, ಆದರೂ ಅಷ್ಟು ಜನ ಗಂಡಸರ ನಡುವೆ ನುಗ್ಗಿ ಕಿರುಚಿದೆ.

"ತಾಊ, ಇದೇನು ಮಾಡಿದಿರಿ? ಇದಕ್ಕೇನಾ ಅಷ್ಟು ಏಟು ತಿಂದಿದ್ದು?"

"ಇದಕ್ಕೇ," ಅಂದ. ದನಿ ಏರಿಸಲಿಲ್ಲ. ಆ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. "ಮಾರಿದವನಿಗೆ ಏನು ಶಿಕ್ಷೆಯೋ ಅದನ್ನ ಇವರು ಕೊಟ್ಟಾಯಿತು ಬೇಟಿ. ಪೂರ್ತಿ ಕೊಟ್ಟರು, ಕಮ್ಮಿ ಮಾಡಲಿಲ್ಲ. ನಾನು ಮಾರಿರಲಿಲ್ಲ. ಈಗ ಮಾರಿದೆ. ಲೆಕ್ಕ ಸರಿಯಾಯಿತು." ಹುಕ್ಕಾದ ಕೊಳವೆ ಪಕ್ಕಕ್ಕಿಟ್ಟು, ಎಡಗೈಯಿಂದ ತಮ್ಮನ ಪಗಡಿ ಎತ್ತಿ, ಅದನ್ನು ಅವನ ತಲೆಯ ಮೇಲೆ ತಾನೇ ಇಟ್ಟ. ಆಮೇಲೆ ಪಂಚರ ಕಡೆ ತಿರುಗಿದ. "ಈಗ ಯಾರು ಹೊಡೀತೀರಿ, ಬನ್ನಿ."

ಯಾರೂ ಬರಲಿಲ್ಲ. ಹುಕ್ಕಾ ಪಾನಿ ಬಂದ್ ಎಂದು ಕೂಡ ಯಾರೂ ಹೇಳಲಿಲ್ಲ. ಅವನ ಕೈ ಮುರಿದವರಿಗೆ ಆ ಮಾತಾಡುವ ಮುಖ ಎಲ್ಲಿ ಉಳಿದಿತ್ತು?

ಒಬ್ಬೊಬ್ಬರೇ ಎದ್ದು ಹೋದರು. ಪಂಚರಲ್ಲಿ ಹಿರಿಯನೊಬ್ಬ ಮಾತ್ರ ಬಾಗಿಲವರೆಗೆ ಹೋದವನು ತಿರುಗಿ ಬಂದ. ಆಣೆಯ ದಿನ ತಾಊನ ಪಕ್ಕದಲ್ಲೇ ಕೂತಿದ್ದವನಂತೆ ಅವನು. ಅವನ ಹೊಲಕ್ಕೂ ನೀರು ತಾಊನ ಹೊಲದ ಮೂಲಕವೇ ಹೋಗಬೇಕಿತ್ತು. ಗೋಡೆ ನೋಡಿಕೊಂಡು ನಿಂತ. ಆಮೇಲೆ, ಬಿಲ್ಡರಿನ ಕಡೆಯ ಮನುಷ್ಯ ಊರಿಗೆ ಮತ್ತೆ ಯಾವಾಗ ಬರುತ್ತಾನೆ ಎಂದು ಕೇಳಿದ. ನಾಳೆ ಅಂದ ತಾಊ. ತಾಈ ಒಳಗಿನಿಂದ ಇನ್ನೊಂದು ಮಂಚ ತಂದು ಅವನಿಗೆ ಕೂರಲು ಹಾಕಿದಳು.